ಝಡ್ ಡ್ರೈವ್ ಎಲ್ಲಿ ಹೋಯಿತು?

ವಿಂಡೋಸ್‌ನಲ್ಲಿ ಮ್ಯಾಪ್ ಮಾಡಿದ ನೆಟ್‌ವರ್ಕ್ ಡ್ರೈವ್ ಎಂದರೆ ಇನ್ನೊಂದು ಯಂತ್ರದಲ್ಲಿ ಹಂಚಿಟ್ಟ ಫೋಲ್ಡರಿಗೆ ಈ ಯಂತ್ರ ಇಟ್ಟುಕೊಂಡ ಒಂದಕ್ಷರದ ಹೆಸರು. ಹೆಸರಿಡುವ ಕಮಾಂಡ್ 'ನೆಟ್ ಯೂಸ್'. ಅದರ ಮುಂದೆ ಅಕ್ಷರ, ಕೋಲನ್, ಬಳಿಕ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಸರ್ವರಿನ ಹೆಸರು, ಇನ್ನೊಂದು ಹಾಕಿ ಫೋಲ್ಡರಿನ ಹೆಸರು ಬರೆದರಾಯಿತು. ಅಕ್ಷರದ ಜಾಗದಲ್ಲಿ ನಕ್ಷತ್ರಚಿಹ್ನೆ ಇಟ್ಟರೆ ಝಡ್‌ನಿಂದ ಹಿಂದಕ್ಕೆ ಹುಡುಕಿ ಖಾಲಿ ಅಕ್ಷರವನ್ನು ಅದೇ ಆರಿಸುತ್ತದೆ. ನಾಳೆ ಬೇರೆ ಅಕ್ಷರ ಬರಬಹುದಾದ್ದರಿಂದ ಸ್ಕ್ರಿಪ್ಟಿಗೆ ಇದು ಒಗ್ಗದು.

ಒಳ್ಳೆಯ ಬ್ಯಾಚ್ ಫೈಲ್ ಕಟ್ಟುವ ಮೊದಲು ಬಿಚ್ಚುತ್ತದೆ. ಅಕ್ಷರ ಆಗಲೇ ಬಳಕೆಯಲ್ಲಿದ್ದರೆ 85ನೇ ದೋಷ ಬರುತ್ತದೆ. ಹಾಗಾಗಿ ಆ ಒಂದು ಅಕ್ಷರವನ್ನು ಮೊದಲು 'ಡಿಲೀಟ್' ಆಯ್ಕೆಯಿಂದ ತೆಗೆಯಬೇಕು. ಹೋಗುವುದು ಹೆಸರು ಮಾತ್ರ, ಸರ್ವರಿನ ಕಡತಗಳಿಗೆ ಏನೂ ಆಗದು. ಜೊತೆಗೆ 'ವೈ' ಸೇರಿಸಿದರೆ ಕಡತ ತೆರೆದಿದ್ದರೂ ಕೇಳದೆ ಕತ್ತರಿಸುತ್ತದೆ. ಲಾಗಿನ್ ಹೊತ್ತಿಗೆ ಇದು ಸರಿ. ಕೆಲಸದ ನಡುವೆ ಉಳಿಸದ ಬರಹ ಹೋದೀತು. ನಕ್ಷತ್ರ ಹಾಕಿ ಎಲ್ಲ ಜೋಡಣೆಗಳನ್ನೂ ಒಮ್ಮೆಗೇ ಅಳಿಸುವ ಅಭ್ಯಾಸ ಇನ್ನೂ ಕೆಟ್ಟದು.

ಜೋಡಣೆಯನ್ನು ಮುಂದಿನ ಲಾಗಿನ್‌ಗೂ ನೆನಪಿಡಬೇಕೇ ಎಂದು ಹೇಳುವ 'ಪರ್ಸಿಸ್ಟೆಂಟ್' ಆಯ್ಕೆಯನ್ನು ಬಿಟ್ಟರೆ ವಿಂಡೋಸ್ ಹಿಂದಿನ ಸಲ ಕೊಟ್ಟದ್ದನ್ನೇ ಹಿಡಿಯುತ್ತದೆ. ಪ್ರತಿ ಲಾಗಿನ್‌ಗೂ ಓಡುವ ಸ್ಕ್ರಿಪ್ಟಿನಲ್ಲಿ 'ನೋ' ಎಂದು ಸ್ಪಷ್ಟವಾಗಿ ಬರೆಯುವುದೇ ಲೇಸು. ಇಲ್ಲವಾದರೆ ಹಳೆಯ ನೆನಪೂ ಹೊಸ ಸಾಲೂ ಒಂದೇ ಅಕ್ಷರಕ್ಕೆ ಜಗ್ಗಾಡುತ್ತವೆ. ಪಾಸ್‌ವರ್ಡನ್ನು ಮಾತ್ರ ಸ್ಕ್ರಿಪ್ಟಿನಲ್ಲಿ ಎಂದೂ ಬರೆಯಬಾರದು. ಅದನ್ನು 'ಸಿಎಂಡಿಕೀ' ಕಮಾಂಡಿನಿಂದ ಒಮ್ಮೆ ಉಳಿಸಿಟ್ಟರೆ ಸಾಕು. ಒಂದೇ ಸರ್ವರಿಗೆ ಎರಡು ಬಳಕೆದಾರರ ಹೆಸರಿನಲ್ಲಿ ಜೋಡಿಸಹೊರಟರೆ 1219ನೇ ದೋಷ ಬರುತ್ತದೆ. 53 ಬಂದರೆ ಸರ್ವರೇ ಸಿಕ್ಕಿಲ್ಲ: ಹೆಸರು ತಪ್ಪಿರಬಹುದು, ಫೈರ್‌ವಾಲ್ 445ನೇ ಪೋರ್ಟನ್ನು ತಡೆದಿರಬಹುದು.

ಅತಿ ಹೆಚ್ಚು ಹೊತ್ತು ತಿನ್ನುವ ತೊಡಕು ಯಾವ ದೋಷಸಂಖ್ಯೆಯಲ್ಲೂ ಇಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ಕಣ್ಣೆದುರೇ ಇರುವ ಝಡ್ ಡ್ರೈವ್, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಕಿಟಕಿಯಲ್ಲಿ ಇರುವುದೇ ಇಲ್ಲ. ಅಕ್ಷರ ಸೇರಿರುವುದು ಯಂತ್ರಕ್ಕಲ್ಲ, ಲಾಗಿನ್ ಸೆಷನ್ನಿಗೆ. ವಿಸ್ತಾ ಬಂದಂದಿನಿಂದ ಅಡ್ಮಿನ್ ಅಧಿಕಾರವುಳ್ಳ ಒಬ್ಬನೇ ಬಳಕೆದಾರನಿಗೆ ಎರಡು ಸೆಷನ್: ಒಂದು ಸಾಮಾನ್ಯ, ಒಂದು ಪೂರ್ಣಾಧಿಕಾರದ್ದು. ಒಂದರಲ್ಲಿ ಇಟ್ಟ ಹೆಸರು ಇನ್ನೊಂದಕ್ಕೆ ತಿಳಿಯದು. ಟಾಸ್ಕ್ ಶೆಡ್ಯೂಲರ್ ರಾತ್ರಿ 'ಸಿಸ್ಟಂ' ಖಾತೆಯಲ್ಲಿ ಓಡಿಸುವ ಬ್ಯಾಕಪ್ ಸೋಲುವುದಕ್ಕೂ ಹಲವು ಸಲ ಇದೇ ಕಾರಣ.

ಅಂಥ ಕಡೆ ಅಕ್ಷರವನ್ನೇ ನಂಬದೆ ಪೂರ್ಣ ವಿಳಾಸ ಬರೆಯಬೇಕು. ಕಡತ ನಕಲಿಸುವ 'ರೋಬೋಕಾಪಿ' ಅದನ್ನು ನೇರವಾಗಿ ಒಪ್ಪುತ್ತದೆ. ಆದರೆ 'ಸಿಡಿ' ಕಮಾಂಡ್ ನೆಟ್‌ವರ್ಕ್ ವಿಳಾಸದೊಳಕ್ಕೆ ಹೋಗಲಾರದು. ಅಲ್ಲಿ 'ಪುಶ್‌ಡಿ' ಬೇಕು. ಅದು ಆ ಗಳಿಗೆಗೆ ಒಂದು ಖಾಲಿ ಅಕ್ಷರ ಕೊಟ್ಟು ಒಳಗೆ ಕರೆದೊಯ್ಯುತ್ತದೆ. ಕೆಲಸ ಮುಗಿದ ಮೇಲೆ 'ಪಾಪ್‌ಡಿ' ಆ ಅಕ್ಷರವನ್ನು ಬಿಡಿಸಿ ಹಳೆಯ ಫೋಲ್ಡರಿಗೆ ಮರಳಿಸುತ್ತದೆ.