ಯೋಧನ ಹಾಡು ಬೇಕು, ಯುದ್ಧದ ಪ್ರಶ್ನೆ ಬೇಡ

ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಲ್ಲಿ ಬೆಳೆದ ಕಂಟ್ರಿ ಸಂಗೀತ, ತನ್ನದು ಸರಳ ಜನರ ನೇರ ಮಾತಿನ ಹಾಡೆಂದು ಹೇಳಿಕೊಳ್ಳುತ್ತದೆ. ಆ ಮಾತು ಎಷ್ಟು ನಿಜವೆಂಬುದನ್ನು ಡಿಕ್ಸಿ ಚಿಕ್ಸ್ ತಂಡದ ಗಾಯಕಿ ನಟಾಲಿ ಮೇನ್ಸ್ ಅವರ ಹಾಡುಗಾರಿಕೆಯ ಹಾದಿಯಲ್ಲಿ ನಾವು ಕಾಣಬಹುದು. ಗುಲಾಮಗಿರಿಯ ಕಾಲದ ನೆನಪು ಅಂಟಿದ 'ಡಿಕ್ಸಿ' ಎಂಬ ಪದವನ್ನು 2020ರಲ್ಲಿ ಕೈಬಿಟ್ಟ ಈ ತಂಡ ಈಗ 'ದ ಚಿಕ್ಸ್'.

ಟೆಕ್ಸಾಸಿನ ನಟಾಲಿ 1995ರಲ್ಲಿ ತಂಡ ಸೇರಿದರು. ಮಾರ್ಟಿ, ಎಮಿಲಿ ಸೋದರಿಯರ ಪಿಟೀಲು, ಬ್ಯಾಂಜೊಗಳಿಗೆ ಅವರ ಗಟ್ಟಿ ಕಂಠ ಕೂಡಿತು. 1998ರ 'ವೈಡ್ ಓಪನ್ ಸ್ಪೇಸಸ್', 1999ರ 'ಫ್ಲೈ' ಆಲ್ಬಮ್‌ಗಳ ಪ್ರತಿಗಳು ಅಮೆರಿಕದಲ್ಲೇ ತಲಾ ಒಂದು ಕೋಟಿ ದಾಟಿದವು. 2002ರ 'ಹೋಮ್'ನಲ್ಲಿ ಡ್ರಮ್ಮಿನ ಅಬ್ಬರವಿಲ್ಲ; ಆದರೂ ಅದರ 'ಲ್ಯಾಂಡ್‌ಸ್ಲೈಡ್' ಪಾಪ್ ಕೇಳುಗರನ್ನು ಗೆದ್ದಿತು. ತವರಿನ ವಾದ್ಯಗಳನ್ನು ಬಿಡದೆ ಗಡಿ ದಾಟಿದ್ದು ಈ ತಂಡದ ಹೆಚ್ಚುಗಾರಿಕೆ.

ಅದೇ ಆಲ್ಬಮ್‌ನ 'ಟ್ರಾವೆಲಿನ್ ಸೋಲ್ಜರ್' ವಿಯೆಟ್ನಾಮಿನಲ್ಲಿ ಮಡಿದ ಹುಡುಗ ಮತ್ತು ಅವನಿಗಾಗಿ ಕಾದ ಹುಡುಗಿಯ ಕತೆ. 2003ರ ಮಾರ್ಚ್‌ನಲ್ಲಿ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. ಆ ತಿಂಗಳ 10ರಂದು ಲಂಡನ್ನಿನ ವೇದಿಕೆಯಲ್ಲಿ ನಟಾಲಿ, ಈ ಯುದ್ಧ ತಮಗೆ ಬೇಡ, ಅಧ್ಯಕ್ಷ ಬುಷ್ ಟೆಕ್ಸಾಸಿನವರೆಂಬುದೇ ನಾಚಿಕೆ ಎಂದರು. ಇರಾಕ್ ಮೇಲಿನ ದಾಳಿಗೆ ಇನ್ನು ಹತ್ತೇ ದಿನವಿತ್ತು. ರೇಡಿಯೊ ಕೇಂದ್ರಗಳು ಅವರ ಹಾಡು ನಿಲ್ಲಿಸಿದವು. ಸಿ.ಡಿ.ಗಳನ್ನು ಟ್ರ್ಯಾಕ್ಟರ್ ಹರಿಸಿ ಪುಡಿ ಮಾಡಲಾಯಿತು. ಕೊಲೆ ಬೆದರಿಕೆ ಬಂತು. ಅಧ್ಯಕ್ಷರಿಗೆ ಅಗೌರವ ತೋರಿದ್ದಕ್ಕೆ ಆಕೆ ಕ್ಷಮೆ ಕೇಳಿದರೂ ಸಿಟ್ಟು ತಣಿಯಲಿಲ್ಲ. ಯೋಧನ ಸಾವಿಗೆ ಅಳುವ ಹಾಡು ಬೇಕು, ಅವನನ್ನು ಸಾಯಲು ಕಳಿಸುವುದೇಕೆ ಎಂಬ ಪ್ರಶ್ನೆ ಮಾತ್ರ ಬೇಡ!

ಇದಕ್ಕೆ ಉತ್ತರ 2006ರ 'ಟೇಕಿಂಗ್ ದ ಲಾಂಗ್ ವೇ'. ಅದರ 'ನಾಟ್ ರೆಡಿ ಟು ಮೇಕ್ ನೈಸ್' ತಗ್ಗಿದ ದನಿಯಲ್ಲಿ ಆರಂಭವಾಗಿ ಸಿಟ್ಟಿನ ತುದಿಗೆ ಏರುತ್ತದೆ; ಎಲ್ಲೂ ರಾಜಿಯಾಗುವುದಿಲ್ಲ. ಕಂಟ್ರಿ ರೇಡಿಯೊ ಅದನ್ನು ಬಹುಪಾಲು ದೂರವಿಟ್ಟಿತು. 2007ರಲ್ಲಿ ಆಲ್ಬಮ್‌ಗೂ ಹಾಡಿಗೂ ಸೇರಿ ಐದು ಗ್ರ್ಯಾಮಿ ಪ್ರಶಸ್ತಿ ಬಂದವು. ಮೊದಲ ಸಲ ಈ ತಂಡ ಗಡಿ ದಾಟಿದ್ದು ಕಲೆಯ ಬಲದಿಂದ. ಎರಡನೆಯ ಸಲ, ತವರೇ ಹೊರಗಟ್ಟಿದ್ದರಿಂದ.

ಯುದ್ಧಕ್ಕೆ ನೆಪವಾದ ಸಮೂಹನಾಶಕ ಅಸ್ತ್ರಗಳ ದಾಸ್ತಾನು ಇರಾಕಿನಲ್ಲಿ ಸಿಗಲೇ ಇಲ್ಲ. ನಟಾಲಿಯ ಪ್ರಶ್ನೆ ಸರಿಯಾಗಿತ್ತು. ಆದರೂ ಒಂದು ಕೊರತೆ ನಮ್ಮನ್ನು ಕಾಡುತ್ತದೆ. ಈ ಎರಡು ಹಾಡುಗಳಲ್ಲಿ ಅಮೆರಿಕದ ಯೋಧನ ಸಾವಿದೆ, ಗಾಯಕಿಯ ಗಾಯವಿದೆ. ಬಗ್ದಾದಿನ ತಾಯಿ ಇಲ್ಲ. ವೇದಿಕೆಯ ಮೇಲಿನ ಒಂದು ಮಾತು ಮುಟ್ಟಿದ ದೂರವನ್ನು ಹಾಡು ಇನ್ನೂ ಮುಟ್ಟಬೇಕಿತ್ತು.