ಕೇಪಿನ ಕೋವಿಯೂ ಮಿಗಬೇಟೆಯ ಕಥನವೂ

ಡೊಂಬಿವಲಿಯ ಗೆಳೆಯರೊಬ್ಬರ ಮನೆಯಲ್ಲಿ ಕುವೆಂಪು ಅವರ ಕಾದಂಬರಿಗಳನ್ನು ಕುರಿತು ಮಾತುಕತೆ ನಡೆದಾಗ ತರುಣ ಮಿತ್ರರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವರು ಹುಟ್ಟಿದ್ದು ಕಲ್ಯಾಣದಲ್ಲಿ, ಓದಿದ್ದು ಠಾಣೆಯಲ್ಲಿ. ಕನ್ನಡವನ್ನು ತಾಯಿಯ ಬಾಯಿಂದ ಕಲಿತವರು. “ಗುರಿ ತಪ್ಪಿದರೆ ಕೂಡಲೆ ಇನ್ನೊಂದು ಗುಂಡು ಹೊಡೆಯಬಾರದೆ? ಇಷ್ಟೊಂದು ಕಾಯುವಿಕೆ, ಇಷ್ಟೊಂದು ವರ್ಣನೆ ಏತಕ್ಕೆ?” ಎಂದರು. ಹಿರಿಯರು ಕೆಲವರು ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ. ಮಲೆನಾಡಿನ ಬೇಟೆಯ ಸಾಹಿತ್ಯವನ್ನು ನಾವು ಸರಿಯಾಗಿ ಓದಿದ್ದೇವೆಯೆ ಎಂಬ ಸಂಶಯವನ್ನು ಅದು ನಮ್ಮಲ್ಲೇ ಹುಟ್ಟಿಸಬೇಕಾದದ್ದು.

‘ಕೋವಿ’ ಎಂದೊಡನೆ ಇಂದಿನ ಓದುಗನ ಕಣ್ಣಿಗೆ ಕಟ್ಟುವುದು ಚಲಚ್ಚಿತ್ರದ ಬಂದೂಕು. ಮಲೆನಾಡಿನ ಕೇಪಿನ ಕೋವಿ ಅದಲ್ಲ. ಅದನ್ನು ಬಾಯಿಯಿಂದಲೇ ತುಂಬಬೇಕು. ಮೊದಲು ಅಳತೆಯ ಕರಿಮದ್ದು. ಅದರ ಮೇಲೆ ನಾರನ್ನೋ ಚಿಂದಿಯನ್ನೋ ತುರುಕಿ ಗಜದಿಂದ ಜಡಿಯಬೇಕು. ಬಳಿಕ ಚರೆಯೋ ಗುಂಡೋ, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಹಿಂಬದಿಯ ಕಿರುಗೊಳವೆಯ ತುದಿಗೆ ತಾಮ್ರದ ಕೇಪು ತೊಡಿಸಿ ಕುದುರೆಯನ್ನು ಎತ್ತಿ ನಿಲ್ಲಬೇಕು. ಒಂಟಿನಳಿಗೆಯಾದರೆ ಒಂದೇ ಈಡು. ಜೋಡುನಳಿಗೆಯಾದರೆ ಎರಡು, ಅಷ್ಟೆ. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಕಡವೆ ಹಳುವನ್ನು ಸೀಳಿ ಆಚೆಯ ಗುಡ್ಡದಲ್ಲಿರುತ್ತದೆ. ನಳಿಗೆಯೊಳಗೆ ಸುರುಳಿಗೀರಿಲ್ಲವಾದ್ದರಿಂದ ದೂರದ ಗುರಿಯೂ ನಂಬತಕ್ಕದ್ದಲ್ಲ. ಮಳೆಗಾಲದ ತೇವಕ್ಕೆ ಕೇಪು ಸಿಡಿದರೂ ಮದ್ದು ಹೊತ್ತದೆ ಹೋಗುವುದುಂಟು. ಹೊತ್ತಿದರೂ ಎದುರಿಗೆ ದಟ್ಟನೆಯ ಬಿಳಿಹೊಗೆ. ಮಿಗ ಬಿತ್ತೋ ಓಡಿತೋ ಎಂಬುದು ಹೊಡೆದವನಿಗೇ ಒಡನೆ ತಿಳಿಯದು.

ಈ ಹೊಗೆ ಸರಿಯುವವರೆಗಿನ ಗಳಿಗೆಯೇ ಮಲೆನಾಡಿನ ಬೇಟೆಯ ಕಥನದ ಜೀವಸ್ಥಾನವೆಂದು ನಾನು ತಿಳಿಯುತ್ತೇನೆ. ‘ಕಾನೂರು ಹೆಗ್ಗಡಿತಿ’ (೧೯೩೬) ಹಾಗೂ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಗಳ ಕಾಡಿನ ಚಿತ್ರಗಳು ಕಥೆಯ ಓಟಕ್ಕೆ ಅಡ್ಡಿಯೆಂಬ ಆಕ್ಷೇಪವನ್ನು ನಾವೆಲ್ಲ ಕೇಳಿದ್ದೇವೆ. ಆ ದೀರ್ಘತೆ ಕವಿಯ ಪ್ರಕೃತಿಪ್ರೇಮದಿಂದ ಮಾತ್ರ ಬಂದುದಲ್ಲ. ಒಂದೇ ಈಡಿನ ಆಯುಧ ಹಿಡಿದವನಿಗೆ ಕಾಡಿನ ಪ್ರತಿಯೊಂದು ಸದ್ದೂ ಲೆಕ್ಕಕ್ಕೆ ಬರುತ್ತದೆ: ತರಗೆಲೆಯ ಸಪ್ಪಳ, ಗಾಳಿಯ ದಿಕ್ಕು, ನಾಯಿಯ ಬೊಗಳು ಏರಿತೋ ಇಳಿಯಿತೋ ಎಂಬುದು. ಬೇಟೆಗಾರ ಪುಟ್ಟಣ್ಣನಂಥವನ ಕಿವಿಯೇ ಅಲ್ಲಿ ಕಾದಂಬರಿಕಾರನ ಕಿವಿ. ಆಂಡರ್ಸನ್ನನ ಶಿಕಾರಿ ಕಥೆಗಳನ್ನು ಇದಕ್ಕೆ ಹೋಲಿಸಿ ನೋಡಬಹುದು. ಅವನ ಕೈಯಲ್ಲಿದ್ದುದು ಒಂದರ ಹಿಂದೊಂದು ಗುಂಡು ಹಾರಿಸಬಲ್ಲ ೪೦೫ ವಿಂಚೆಸ್ಟರ್ ರೈಫಲು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಆ ಕಥೆಗಳಲ್ಲಿ ರೋಮಾಂಚಕ್ಕೆ ಕೊರತೆಯಿಲ್ಲ. ಆದರೆ ಅಲ್ಲಿ ಕಥೆಯ ಭಾರವೆಲ್ಲ ಒಬ್ಬ ವೀರನ ಮೇಲೆ. ಕೇಪಿನ ಕೋವಿಯವನು ಒಬ್ಬನೇ ಏನನ್ನೂ ಸಾಧಿಸಲಾರ. ಸೋಹುವವರು ಬೇಕು, ನಾಯಿ ಬೇಕು, ಕಂಡಿಯನ್ನು ಕಾಯುವ ನಾಲ್ವರು ಬೇಕು; ಆದುದರಿಂದಲೇ ಮಾಂಸದಲ್ಲಿ ಎಲ್ಲರಿಗೂ ಪಾಲು.

ಹಳಗನ್ನಡದ ಬೇಟೆ ಬೇರೆಯ ಜಾತಿಯದು. ಪಂಪನ ಪಾಂಡುವಿಗೆ ಮಿಗದ ರೂಪದಲ್ಲಿದ್ದ ಮುನಿಯನ್ನು ಎಸೆದುದರಿಂದ ಶಾಪ. ರಾಘವಾಂಕನ ಹರಿಶ್ಚಂದ್ರನಿಗೆ ಬೇಟೆಯೇ ವಿಶ್ವಾಮಿತ್ರನ ಆಶ್ರಮದ ದಾರಿ. ಅಲ್ಲಿ ಅರಸನಿಗೆ ಮಾಂಸ ಬೇಕಾಗಿಲ್ಲ, ಕಾವ್ಯಕ್ಕೆ ವಿಧಿ ಬೇಕಾಗಿದೆ. ಕುವೆಂಪು ಬೇಟೆಯನ್ನು ಆ ಅರಮನೆಯಿಂದ ಇಳಿಸಿ ಹೊಲೆಯರ, ಬೇಲರ, ಹಳೆಪೈಕದವರ ನಡುವೆ ತಂದು ನಿಲ್ಲಿಸಿದರು. ಆದರೂ ಹಳೆಯ ಜಾಡು ಪೂರ್ಣ ಅಳಿಯಲಿಲ್ಲ. ಮಲೆನಾಡಿನಲ್ಲಿ ಕೋವಿ ಹಿಡಿದು ಕಾಯುವ ತಾಣಕ್ಕೆ ಇಂದಿಗೂ ‘ಬಿಲ್ಲು’ ಎಂದೇ ಹೆಸರು. ಆಯುಧ ಹೋಯಿತು, ಮಾತು ಉಳಿಯಿತು.

ಇಷ್ಟು ಹೇಳಿದುದರಿಂದ ಈ ಚಿತ್ರಗಳಲ್ಲಿ ದೋಷವೇ ಇಲ್ಲವೆಂದು ಅರ್ಥವಲ್ಲ. ಪಾಲು ಎಲ್ಲರಿಗೂ ಉಂಟು, ಸಮಪಾಲಲ್ಲ. ಕೋವಿ ಸಾಮಾನ್ಯವಾಗಿ ಗೌಡರ ಮನೆಯದು. ಮುಳ್ಳಿನ ಹಳುವಿನಲ್ಲಿ ನುಗ್ಗುವ ಮೈ ಆಳಿನದು. ಕಾದಂಬರಿ ಇದನ್ನು ಕಾಣುತ್ತದೆ, ಆದರೆ ಬೇಟೆಯ ಉತ್ಸಾಹದಲ್ಲಿ ಕೆಲವೊಮ್ಮೆ ಬೇಗನೆ ದಾಟಿಬಿಡುತ್ತದೆ. ಊರು ಬಿಟ್ಟು ಬಂದ ನಾವು ಇನ್ನೂ ಬೇಗನೆ ದಾಟುತ್ತೇವೆ; ಬೇಟೆಯ ಪ್ರಸಂಗವನ್ನು ತವರಿನ ಹಬ್ಬದೂಟದಂತೆ ಓದುತ್ತೇವೆ. ಇದಕ್ಕೆ ವಿರುದ್ಧವಾಗಿ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕಣ್ಣಿನಿಂದ ನೋಡಿ ಇದೆಲ್ಲ ಬರಿಯ ಕ್ರೌರ್ಯವೆನ್ನುವವರೂ ಇದ್ದಾರೆ. ಇಂದು ಕಡವೆಯನ್ನೋ ಕಾಡುಕುರಿಯನ್ನೋ ಕೊಲ್ಲುವುದು ಅಪರಾಧ. ಅದು ಹಾಗೆಯೇ ಇರಬೇಕಾದುದು. ಕೊಡವರಿಗೆ ಬಂದೂಕಿನ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯೂ ಆಯುಧಕ್ಕೆ ಸಂಬಂಧಿಸಿದ್ದು, ಬೇಟೆಗಲ್ಲ. ಕೈಲ್‌ಪೊದ್‌ನಂದು ಕೋವಿಗೆ ‘ತೋಕ್ ಪೂ’ ಮುಡಿಸಿ ಪೂಜಿಸುತ್ತಾರೆ. ಆದರೆ ಕಾನೂನಿನ ತೀರ್ಪನ್ನು ಹಿಂದಕ್ಕೆ ಹಾಯಿಸಿ ಕೃತಿಯನ್ನು ಓದಿದರೆ ಹೊಗೆಯ ಹಿಂದೆ ನಿಂತವನ ಅಳುಕು ಕಾಣದೆ ಹೋಗುತ್ತದೆ. ಬಿದ್ದ ಮಿಗದ ಬಳಿಗೆ ಅವನು ನಡೆದು ಹೋಗಬೇಕು, ಹತ್ತಿರದಿಂದ ನೋಡಬೇಕು.

ಆ ತರುಣ ಮಿತ್ರರಿಗೆ ನಾನು ಅಂದು ಉತ್ತರವಾಗಿ ಹೇಳಿದ್ದು ಮದ್ದು, ಗಜ, ಕೇಪುಗಳ ವಿಷಯವನ್ನಷ್ಟೆ. ಮುಂದಿನ ವಾರ ಅವರು ಅದೇ ಪುಟಗಳನ್ನು ಮತ್ತೆ ಓದಿ ಬಂದಿದ್ದರು. ಈ ಸಲ ಅವರ ಪ್ರಶ್ನೆ ಬೇರೆಯಾಗಿತ್ತು: “ಹಳು ನುಗ್ಗಿದವನ ಕೈಗೆ ಕೋವಿ ಯಾವಾಗಲಾದರೂ ಸಿಕ್ಕಿತ್ತೆ?”