ಬಾಡಿ ಚಿಕ್ಕದು, ಬಿಲ್ಡಪ್ ದೊಡ್ಡದು

ಲೈಫ್‌ಸ್ಟೈಲ್ ಪಿಕಪ್‌ಗಳ ಜಾಹೀರಾತು ನೋಡಿರ್ತೀರಿ. ಗಾಡಿ ಹೊಳೆ ದಾಟುತ್ತೆ, ಗುಡ್ಡ ಹತ್ತುತ್ತೆ, ಮರಳಲ್ಲಿ ಧೂಳೆಬ್ಬಿಸುತ್ತೆ. ಹಿಂದಿನ ಬಾಡಿಯಲ್ಲಿ ಹೆಚ್ಚೆಂದರೆ ಎರಡು ಸೈಕಲ್, ಒಂದು ಟೆಂಟು. ಸಾಮಾನು ಹೊರೋದಕ್ಕೆ ಅಂತಲೇ ಹುಟ್ಟಿದ ಗಾಡಿ, ಆದರೆ ಜಾಹೀರಾತಿನಲ್ಲಿ ಸಾಮಾನೇ ಇರಲ್ಲ. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು, 2022ರಲ್ಲಿ ಟೊಯೋಟಾ ಹೈಲಕ್ಸ್. ಈಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ ಗೋಡೆಗೆ ಮೂತಿ ತಾಗಿಸಿಕೊಂಡು, ಬಾಲವನ್ನ ಪಾರ್ಕಿಂಗ್ ಗೆರೆಯಿಂದಾಚೆ ಚಾಚಿಕೊಂಡು ನಿಂತಿರ್ತವೆ.

ಗಾಡಿ ಕೆಟ್ಟದ್ದು ಅಂತ ಹೇಳ್ತಿಲ್ಲ. ಎಂಜಿನ್ ಗಟ್ಟಿ, ಚಾಸಿ ಗಟ್ಟಿ. ನನ್ನ ತಕರಾರು ಅದರ ಜೊತೆ ಮಾರಾಟವಾಗುವ ಕನಸಿನ ಬಗ್ಗೆ. ಕನಸಿನ ಮೂಲ ಅಮೆರಿಕ. ಅಲ್ಲಿ ಪಿಕಪ್ಪಿಗೆ ಇಡೀ ಮನೆಯನ್ನೇ ಕಟ್ಟಿಕೊಂಡು ಊರೂರು ಸುತ್ತುವವರಿದ್ದಾರೆ. ಅಂಥ ಮನೆಗಳಲ್ಲಿ ದೊಡ್ಡ ನಮೂನೆಯದಕ್ಕೆ ಫಿಫ್ತ್ ವೀಲ್ ಟ್ರೈಲರ್ ಅಂತ ಹೆಸರು. ಯೂಟ್ಯೂಬಲ್ಲಿ ನೋಡಿ ನೋಡಿ ನಮ್ಮವರಿಗೂ ಆಸೆ: ಒಂದು ಹೈಲಕ್ಸ್, ಹಿಂದೊಂದು ಮನೆ, ಶುಕ್ರವಾರ ಸಂಜೆ ಲಾಗ್‌ಔಟ್ ಆದರೆ ಸೋಮವಾರದ ಸ್ಟ್ಯಾಂಡಪ್ ಕಾಲ್ ಸಕಲೇಶಪುರದಿಂದ.

ಸ್ವಲ್ಪ ಲೆಕ್ಕ ಹಾಕೋಣ. ಮಾಮೂಲಿ ಟ್ರೈಲರನ್ನ ಬಂಪರಿನ ಹತ್ತಿರದ ಕೊಂಡಿಗೆ ಸಿಕ್ಕಿಸಿದರೆ ಆಯ್ತು. ಫಿಫ್ತ್ ವೀಲ್ ಹಾಗಲ್ಲ. ಅದರ ಮೂತಿ ಬಾಡಿಯೊಳಗೇ ಬಂದು ಹಿಂದಿನ ಆಕ್ಸಲ್ಲಿನ ನೆತ್ತಿಯ ಮೇಲೆ ಕೂರಬೇಕು. ಟ್ರೈಲರ್ ತೂಕದ ಸುಮಾರು ಐದನೇ ಒಂದು ಭಾಗ ಎಳೆಯೋ ಗಾಡಿಯ ಬೆನ್ನಿಗೇ ಬೀಳುತ್ತೆ. 5 ಟನ್ನಿನ ಮನೆ ಅಂದರೆ ಬೆನ್ನ ಮೇಲೆ 1 ಟನ್. ಹೈಲಕ್ಸ್ ಹೊರಬಹುದಾದದ್ದು ಅರ್ಧ ಟನ್ನಿನ ಆಸುಪಾಸು, ಅದೂ ನೀವು, ಮನೆಯವರು, ನಾಯಿ ಎಲ್ಲ ಸೇರಿ. ಇನ್ನು ತಿರುವು. 8 ಅಡಿ ಬಾಡಿಯಲ್ಲಿ ಆಕ್ಸಲ್ಲಿಗೂ ಕ್ಯಾಬಿನ್ನಿಗೂ ನಡುವೆ ಬೇಕಾದಷ್ಟು ಜಾಗ ಇರುತ್ತೆ. 6 ಅಡಿ ಚಿಲ್ಲರೆಯ ಶಾರ್ಟ್ ಬೆಡ್ಡಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟ್ರೈಲರಿನ ಮೂಲೆ ಬಂದು ಕ್ಯಾಬಿನ್ನಿನ ಹಿಂದಿನ ಗಾಜಿಗೆ ಗುದ್ದಬಹುದು. ಅದಕ್ಕೇ ಅಲ್ಲಿ, ತಿರುವಿನಲ್ಲಿ ಹಿಂದಕ್ಕೆ ಜಾರುವ ಕೊಂಡಿಯನ್ನೇ ಬೇರೆ ಮಾಡಿ ಮಾರ್ತಾರೆ. ನಮ್ಮ ಡಬಲ್ ಕ್ಯಾಬುಗಳ ಬಾಡಿ ಹತ್ತಿರತ್ತಿರ 5 ಅಡಿ. ಅಮೆರಿಕದವರು ಶಾರ್ಟ್ ಅನ್ನೋದಕ್ಕಿಂತಲೂ ಶಾರ್ಟ್.

ಅಂದಹಾಗೆ, 8 ಅಡಿ ದಾಟುವ ಬಾಡಿ ನಮ್ಮಲ್ಲೂ ಇದೆ. ಹಳದಿ ಬೋರ್ಡಿನ ಬೊಲೆರೊ ಪಿಕಪ್. ಬಾಡಿಗೆ ಮನೆ ಬದಲಾಯಿಸುವಾಗ ನಿಮ್ಮ ಫ್ರಿಜ್ಜು, ಮಂಚ, ತುಳಸಿ ಕುಂಡ ಎಲ್ಲವನ್ನೂ ಒಂದೇ ಟ್ರಿಪ್ಪಿಗೆ ಹೊತ್ತು ತಂದಿತಲ್ಲ, ಅದೇ. ಅದನ್ನ ಲೈಫ್‌ಸ್ಟೈಲ್ ಅಂತ ಯಾರೂ ಕರೆಯಲ್ಲ.

ನಿಜವಾದ ಫಿಫ್ತ್ ವೀಲೂ ನಮ್ಮ ಕಣ್ಣೆದುರೇ ಇದೆ, ನಾವು ಅದಕ್ಕೆ ಹಾರ್ನ್ ಹೊಡೀತೀವಿ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಶುರುವಾದದ್ದು ಬೆಂಗಳೂರಲ್ಲಿ, 1981ರಲ್ಲಿ. ಈಗ ಕಾನ್‌ಕಾರ್ ಡಿಪೋ ವೈಟ್‌ಫೀಲ್ಡಿನಲ್ಲಿದೆ. ಚೆನ್ನೈ ಬಂದರಿನಿಂದ ರೈಲಲ್ಲಿ ಬರುವ ಡಬ್ಬಗಳು ಇಲ್ಲಿಂದ ಪೀಣ್ಯಕ್ಕೋ ಬೊಮ್ಮಸಂದ್ರಕ್ಕೋ ಟ್ರೈಲರ್ ಮೇಲೆ ಹೋಗ್ತವೆ. ಎಳೆಯೋ ಗಾಡಿಯ ಕ್ಯಾಬಿನ್ ಹಿಂದೆ ಒಮ್ಮೆ ನೋಡಿ. ಬಾಡಿಯೇ ಇಲ್ಲ, ಬೋಳು ಚಾಸಿ, ಅದರ ಮೇಲೆ ಗ್ರೀಸ್ ಮೆತ್ತಿದ ಕಪ್ಪು ತಟ್ಟೆ. ಅದೇ ಐದನೇ ಚಕ್ರ. ಹೆಸರು ಬಂದದ್ದು ಕುದುರೆ ಸಾರೋಟಿನಿಂದ; ಮುಂದಿನ ಚಕ್ರಗಳು ತಿರುಗಲಿ ಅಂತ ಅಚ್ಚಿನ ಮೇಲೆ ಮಲಗಿಸಿದ ಬಳೆಯನ್ನ ಹಾಗೆ ಕರೆದರು. ಟ್ರೈಲರಿನ ತಳದ ಕಿಂಗ್‌ಪಿನ್ ಆ ತಟ್ಟೆಯ ಬಾಯಿಗೆ ಬಿದ್ದು ಲಾಕ್ ಆಗುತ್ತೆ. ಪಿನ್ನಿನ ದಪ್ಪ ಸಾಮಾನ್ಯವಾಗಿ 2 ಇಂಚು. 40 ಅಡಿ ಡಬ್ಬ ತಿರುಗೋದು ಅದರ ಸುತ್ತ.

ತಿರುಗುವಾಗ ಟ್ರೈಲರಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲೇ ಬರಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರ್ತವೆ. ಅದಕ್ಕೇ ಹೋಪ್ ಫಾರ್ಮ್ ಥರದ ಜಂಕ್ಷನ್ನಿನಲ್ಲಿ ಎಡಕ್ಕೆ ಹೋಗಬೇಕಾದ ಡ್ರೈವರ್ ಮೊದಲು ಬಲಕ್ಕೆ ಸರೀತಾನೆ. "ಇವನಿಗೆ ಲೈಸೆನ್ಸ್ ಕೊಟ್ಟೋನ್ಯಾರು ಗುರು" ಅಂತ ಬೈಕೊಂಡು ನಾವು ಎಡಗಡೆಯ ಖಾಲಿ ಸಂದಿಗೆ ಸ್ಕೂಟರ್ ನುಗ್ಗಿಸ್ತೀವಿ. ಆ ಸಂದಿ ನಮಗೆ ಬಿಟ್ಟದ್ದಲ್ಲ, ಅವನ ಹಿಂದಿನ ಚಕ್ರಗಳಿಗೆ ಇಟ್ಟುಕೊಂಡದ್ದು. ಕ್ಯಾಬಿನ್ ತಿರುಗಿದ ಮೇಲೆ ಎಡಗನ್ನಡಿ ತುಂಬ ಡಬ್ಬದ ಗೋಡೆಯೇ. ಸ್ಕೂಟರ್ ಅವನಿಗೆ ಕಾಣದೇ ಹೋಗಬಹುದು. ಕಾರು ಕೊಂಡವರಿಗೆ ಆಫ್‌ರೋಡ್ ಟ್ರೇನಿಂಗ್ ಕೊಡುವ ಈ ಊರಲ್ಲಿ ಇಷ್ಟನ್ನ ಯಾರೂ ಹೇಳಿಕೊಡಲ್ಲ.

2021ರ ಡಿಸೆಂಬರಿನಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದಾಗ ಕಾರುಗಳಿಗೆ ಎರಡೇ ತಿಂಗಳಲ್ಲಿ ಮತ್ತೆ ದಾರಿ ಸಿಕ್ಕಿತು. ಭಾರಿ ಗಾಡಿಗಳು ವರ್ಷಗಟ್ಟಲೆ ಕೆಳಗಿನ ರಸ್ತೆಯಲ್ಲೇ ತೆವಳಿದವು. ಪೀಕ್ ಅವರ್ ನಿರ್ಬಂಧ ಮುಗಿಯೋ ತನಕ ಈಗಲೂ ಊರಾಚೆ ಸಾಲಾಗಿ ನಿಂತಿರ್ತವೆ. ಡ್ರೈವರಿಗೆ ಸೀಟಿನ ಹಿಂದಿನ ಹಲಗೆಯೇ ಹಾಸಿಗೆ, ಚಕ್ರದ ನೆರಳಲ್ಲಿ ಪುಟ್ಟ ಸ್ಟೌ, ಕನ್ನಡಿ ಕಂಬಿಗೆ ಒಣಗಲು ಹಾಕಿದ ಟವಲ್ಲು. ನಮ್ಮ ಯೂಟ್ಯೂಬ್ ಕನಸಿನ ಗಾಡಿಮನೆಯಲ್ಲಿ ಅವನು ಆಗಲೇ ಸಂಸಾರ ಹೂಡಿದ್ದಾನೆ, ಊರಲ್ಲಿರೋ ಹೆಂಡತಿ ಮಕ್ಕಳ ಜೊತೆ ಫೋನಲ್ಲಿ ಮಾತಾಡ್ತಾ.